ಚಂದ್ರಿಯ ಬಾಲದ ಕೆಳಗಿನ ದಾರ

ಗುರುವಾರ ಬೆಳಿಗ್ಗೆ ಆರೂವರೆಗೆ ಹುಲುಗೇಶ್ ತನ್ನ ಆಕಳು ಚಂದ್ರಿಯ ಬಾಲ ಎತ್ತಿ ನೋಡಿದಾಗ, ಅಲ್ಲಿ ಇರಬೇಕಾಗಿದ್ದ ದಾರ ಇರಲಿಲ್ಲ.

ಬಾಲ ಇಳಿಸಿದ. ಕಣ್ಣುಜ್ಜಿಕೊಂಡು ಮತ್ತೆ ಎತ್ತಿದ. ಇಲ್ಲ. ಮೊಬೈಲಿನ ಟಾರ್ಚು ಹಾಕಿ ಮೂರನೇ ಸಲ ಎತ್ತಿದಾಗ ಚಂದ್ರಿಗೂ ಸಾಕಾಯಿತು. ಅದೇ ಬಾಲವನ್ನು ಅವನ ಕೈಯಿಂದ ಬಿಡಿಸಿಕೊಂಡು ಅವನ ಕೆನ್ನೆಗೇ ಬೀಸಿತು.

ದಾರ ದೊಡ್ಡದೇನಲ್ಲ. ನಾಲ್ಕು ಬೆರಳುದ್ದದ ನೀಲಿ ನೈಲಾನ್ ದಾರ. ಆದರೆ ಅದರ ಇನ್ನೊಂದು ತುದಿಯಲ್ಲಿ, ಚಂದ್ರಿಯ ಒಳಗೆ, ಇಂಗ್ಲಿಷಿನ ಟಿ ಅಕ್ಷರದ ಆಕಾರದ ಒಂದು ಬಿಳಿ ರಬ್ಬರಿನ ಸಾಧನವಿತ್ತು. ಹುಲುಗೇಶನ ಮಾನವೆಲ್ಲ ಕಳೆದ ಗುರುವಾರದಿಂದ ಆ ಸಾಧನಕ್ಕೆ ನೇತುಬಿದ್ದಿತ್ತು.

ಕತೆ ಹೀಗಿದೆ. ಚಂದ್ರಿ ಮೂರು ವರ್ಷದ ಹಿಂದೆ ಹುಲುಗೇಶನ ಹೆಂಡತಿ ಪಂಪಾವತಿಯ ತವರಿನಿಂದ, ಅಂದರೆ ಪಾಪಿನಾಯಕನಹಳ್ಳಿಯಿಂದ, ಕೊರಳಿಗೆ ಹಿತ್ತಾಳೆ ಗಂಟೆ ಕಟ್ಟಿಕೊಂಡು ಕಡ್ಡಿರಾಂಪುರಕ್ಕೆ ಬಂದ ಬಳುವಳಿ ಆಕಳು. ಬಂದ ಹೊಸದರಲ್ಲಿ ಒಂದು ಕರು ಹಾಕಿತು. ಆಮೇಲೆ ಒಂದೂವರೆ ವರ್ಷವಾದರೂ ಗಬ್ಬದ ಮಾತಿಲ್ಲ. ಬೇರೆಯವರ ಆಕಳುಗಳು ಬೆದೆಗೆ ಬಂದರೆ ಓಣಿಗೆಲ್ಲ ಕೇಳುವಂತೆ ಒದರುತ್ತವೆ, ಹಗ್ಗ ಹರಿಯುತ್ತವೆ. ಚಂದ್ರಿ ಮಾತ್ರ ಬೆದೆಗೆ ಬಂದ ದಿನವೂ ಪರೀಕ್ಷೆಗೆ ಓದುವ ಹುಡುಗಿಯ ಹಾಗೆ ತಲೆ ತಗ್ಗಿಸಿ ಹುಲ್ಲು ಮೇಯುತ್ತಿತ್ತು. ಇದಕ್ಕೆ ಮೂಕ ಬೆದೆ ಎನ್ನುತ್ತಾರೆ ಎಂದು ಪಶು ಆಸ್ಪತ್ರೆಯ ಹಿಂದಿನ ಡಾಕ್ಟರು ಹೇಳಿದ್ದರು. ಪಂಪಾವತಿಯ ಅಣ್ಣ ಬಸವರಾಜ್ ಅದನ್ನು ಒಪ್ಪಲಿಲ್ಲ. ದೀಪಾವಳಿಗೆ ಬಂದವನು ಹೋಳಿಗೆ ತುಪ್ಪ ಮುಗಿಸಿ ಕೈ ತೊಳೆಯುತ್ತ, "ಆಕಳೇನೂ ಮೂಕ ಅಲ್ಲಪ್ಪ, ನೋಡೋ ಮನುಷ್ಯಾಗ ಕಣ್ಣಿಲ್ಲ" ಎಂದ. ಯುಗಾದಿಯೊಳಗೆ ಚಂದ್ರಿ ಗಬ್ಬವಾಗದಿದ್ದರೆ ವಾಪಸ್ ಹೊಡೆದುಕೊಂಡು ಹೋಗುತ್ತೇನೆ ಅಂತಲೂ ಅಂದ. ಎಲೆ ಮುಂದೆ ಕೂತಿದ್ದ ಹತ್ತು ಜನ ಅದನ್ನು ಕೇಳಿಸಿಕೊಂಡರು. ಬಳುವಳಿ ಬಂದ ಆಕಳು ತವರಿಗೆ ವಾಪಸ್ ಹೋಯಿತೆಂದರೆ, ಆಮೇಲೆ ಆ ಗಂಡಸು ಆ ಊರಿನ ಬಸ್ ಹತ್ತುವುದು ಹೇಗೆ?

ಯುಗಾದಿಗೆ ಇನ್ನು ಮೂರು ವಾರ ಇತ್ತು.

ಆಗ ಸಿಕ್ಕ ದಾರಿ ಪಶು ಆಸ್ಪತ್ರೆಗೆ ಹೊಸದಾಗಿ ಬಂದ ಸಂಡೂರಿನ ಹುಡುಗಿ, ಡಾಕ್ಟರ್ ಸುನಿತಾ. ಆಕೆ ಆ ಸಾಧನ ತೋರಿಸಿ ಹುಲುಗೇಶನಿಗೆ ತಿಳಿಯುವ ಹಾಗೆ ವಿವರಿಸಿದಳು. ಅದರಲ್ಲಿ ಹಾರ್ಮೋನು ತುಂಬಿರುತ್ತದೆ. ಒಳಗಿರುವಷ್ಟು ದಿನ ಆಕಳಿನ ಮೈ ತಾನು ಗಬ್ಬವಾಗಿದ್ದೇನೆ ಎಂದೇ ತಿಳಿದು ಸುಮ್ಮನಿರುತ್ತದೆ. ಏಳು ದಿನದ ಮೇಲೆ ದಾರ ಹಿಡಿದು ಎಳೆದು ತೆಗೆದು ಒಂದು ಇಂಜೆಕ್ಷನ್ ಕೊಟ್ಟರೆ, ಮೈಗೆ ತಟ್ಟನೆ ಎಚ್ಚರವಾಗಿ, ಎರಡು ದಿನದಲ್ಲಿ ಬೆದೆಗೆ ಬಂದು ಅಂಡ ಬಿಡುತ್ತದೆ. ಆಕಳು ಒದರಲಿ ಬಿಡಲಿ, ಹೇಳಿದ ಹೊತ್ತಿಗೆ ಹೋರಿಯ ವೀರ್ಯ ತುಂಬಿದ ಬೀಜದ ಕಡ್ಡಿ ಹಾಕಿದರೆ ಸಾಕು. ಹೆಣ್ಣು ಕರುವೇ ಹುಟ್ಟುವಂಥ ಕಡ್ಡಿ ಒಂದೇ ಒಂದು ಬಂದಿತ್ತು. ಅದನ್ನೂ ಆಕೆ ಚಂದ್ರಿಗೆಂದೇ ಎತ್ತಿಟ್ಟಿದ್ದಳು. ಹುಲುಗೇಶನಿಗೆ ವಹಿಸಿದ್ದು ಒಂದೇ ಕೆಲಸ: ಏಳು ದಿನ ಆ ದಾರ ಇದೆಯೋ ಇಲ್ಲವೋ ನೋಡಿಕೊಳ್ಳುವುದು.

ಸಾಧನ ಹಾಕುವ ದಿನ ಓಣಿಯೆಲ್ಲ ಸೇರಿತ್ತು. ಎದುರುಮನೆ ತಿಪ್ಪಕ್ಕ ಎಲ್ಲರಿಗಿಂತ ಮುಂದೆ ನಿಂತು, ನಮ್ಮವ್ವನ ಕಾಲದಲ್ಲಿ ಆಕಳಿಗೆ ರಬ್ಬರು ತುರುಕುತ್ತಿದ್ದರೇನು, ಹೆಸರುಕಾಳು ಮೊಳಕೆ ಬರಿಸಿ ಬೆಲ್ಲ ಕಲಸಿ ಹಾಕಿದರೆ ತಾನಾಗಿ ಬೆದೆಗೆ ಬರುತ್ತಿದ್ದವು ಎಂದು ಹೀಯಾಳಿಸಿದಳು. ಹೀಯಾಳಿಸುತ್ತಲೇ ಡಾಕ್ಟರಿಗೆ ಎಷ್ಟು ಪ್ರಶ್ನೆ ಕೇಳಿದಳೆಂದರೆ, ಸುನಿತಾ ಚಂದ್ರಿಯ ಯಜಮಾನಿ ಈಕೆಯೇ ಎಂದು ತಿಳಿದು ಚೀಟಿಯಲ್ಲಿ ಆಕೆಯ ಹೆಸರನ್ನೇ ಬರೆದುಬಿಟ್ಟಿದ್ದಳು.

ಮೊದಲ ಐದು ದಿನ ಹುಲುಗೇಶ್ ಬೆಳಿಗ್ಗೆ ಸಂಜೆ ಬಾಲ ಎತ್ತಿ ನೋಡಿದ. ಆರನೇ ದಿನಕ್ಕೆ ಸರಿಯಾಗಿ ಕಂಪ್ಲಿಯಲ್ಲಿ ಸೋದರತ್ತೆಯ ಮನೆಯ ಗೃಹಪ್ರವೇಶ ಬಂತು. ಮಂಗಳವಾರ ಬೆಳಿಗ್ಗೆಯೇ ಹೋದವನು ಬುಧವಾರ ರಾತ್ರಿ ಬಂದು ಮಲಗಿದ. ಈಗ ನೋಡಿದರೆ ದಾರವಿಲ್ಲ.

ಅಂಗಳಕ್ಕೆ ನೀರು ಹಾಕುತ್ತಿದ್ದ ಪಂಪಾವತಿಯನ್ನು ಕೇಳಿದ. ಆಕೆ ಚೊಂಬು ಕೆಳಗಿಡದೆ ಹೇಳಿದಳು:

"ಸಗಣಿ ಬಳಿಯೋದು ನನ್ನ ಕೆಲಸ. ಬಾಲ ಎತ್ತೋದು ನಿಮ್ಮ ಕೆಲಸ. ನಾನ್ಯಾಕ ನೋಡಲಿ? ಅಂದಹಂಗ ಅಣ್ಣ ಫೋನ್ ಮಾಡಿದ್ದ. ಇವತ್ತ ನಾಕು ಗಂಟೆಕ್ಕ ಗಾಡಿ ತಗೊಂಡು ಬರ್ತಾನಂತ."

"ಗಾಡಿ ಯಾಕ?"

"ನನಗೇನ್ ಗೊತ್ತು. ಆಕಳ ಸಲುವಾಗಿ ಬರ್ತೀನಿ ಅಂದ."

ಸಾಧನ ತೆಗೆಯಲು ನಾಲ್ಕಕ್ಕೆ ಡಾಕ್ಟರು ಬರುತ್ತಾರೆ. ನಾಲ್ಕಕ್ಕೇ ಬಸವರಾಜನೂ ಬರುತ್ತಾನೆ, ಅದೂ ಗಾಡಿ ಸಮೇತ. ಯುಗಾದಿಯವರೆಗೂ ಕಾಯುವ ತಾಳ್ಮೆ ಇಲ್ಲವಾಯಿತೇ ಆ ಮನುಷ್ಯನಿಗೆ? ಡಾಕ್ಟರು ಬಂದು ದಾರ ಹುಡುಕಿ, ಇಲ್ಲ ಎಂದು ಬಸವರಾಜನ ಎದುರಿಗೆ ಕೈಗವಸು ಬಿಚ್ಚುವ ಚಿತ್ರ ಅವನ ಕಣ್ಣಮುಂದೆ ಸಿನಿಮಾದ ಹಾಗೆ ಓಡಿತು.

ಕೊಟ್ಟಿಗೆ, ತಿಪ್ಪೆ, ಬಾಳೆಗಿಡದ ಬುಡ, ಎಲ್ಲ ಕಡೆ ಬಗ್ಗಿ ಹುಡುಕಿದ. ಓಣಿಯ ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಸುಂಕಪ್ಪಜ್ಜ ಅವನನ್ನೇ ನೋಡುತ್ತಿದ್ದ. ಸುಂಕಪ್ಪಜ್ಜನ ಕನ್ನಡಕಕ್ಕೆ ಒಂದು ಕಡೆ ಕಡ್ಡಿ ಇಲ್ಲ, ದಾರ ಕಟ್ಟಿದೆ; ಇನ್ನೊಂದು ಕಡೆಯ ಗಾಜು ಗೀಚಿ ಗೀಚಿ ಹಾಲಿನಂತಾಗಿದೆ. ಹೋದ ವಾರ ಅವನು ಪೋಸ್ಟ್‌ಮ್ಯಾನನ್ನು ತನ್ನ ಅಳಿಯನೆಂದು ತಿಳಿದು ಚಹಾ ಕುಡಿಸಿ ಕಳಿಸಿದ್ದ. ಆದರೆ ಪರೋಪಕಾರಿ. ಯಾರೂ ಕೇಳದಿದ್ದರೂ ಉಪಕಾರ ಮಾಡುವ ಮನುಷ್ಯ.

"ಏನ್ ಹುಡುಕ್ತೀಯಲೇ ಹುಲುಗ್ಯಾ?"

"ಒಂದು ನೀಲಿ ದಾರ, ಅದಕ್ಕ ಬಿಳೇದೊಂದು ರಬ್ಬರ್ ಇತ್ತಜ್ಜ."

"ಆ ಪ್ಲಾಸ್ಟಿಕ್ಕೇನು? ಅದನ್ನ ನಾನ ತಗದೀನಿ."

ಹುಲುಗೇಶ್ ಅಲ್ಲೇ ಕುಕ್ಕರಿಸಿದ. ಸುಂಕಪ್ಪಜ್ಜ ಧನ್ಯವಾದಕ್ಕೆ ತಯಾರಾದವನಂತೆ ಮೈ ನೆಟ್ಟಗೆ ಮಾಡಿಕೊಂಡು ಹೇಳತೊಡಗಿದ.

"ಮಂಗಳವಾರ ನಿನ್ನ ಆಕಳ ಕಾಲುವಿ ದಂಡಿಗೆ ಮೇಯಾಕತ್ತಿತ್ತು. ಬಾಲದ ಬುಡಕ ಪ್ಲಾಸ್ಟಿಕ್ ದಾರ ಜೋತಾಡತಿತ್ತು. ರೋಡ್ ಮ್ಯಾಲಿನ ಹೋಟೆಲಿನೋರು ಒಗದ ಕ್ಯಾರಿಬ್ಯಾಗ್ ಎಲ್ಲಾ ತಿಂತಾವಲ್ಲ, ಅದ ಈಕಡಿಂದ ಹೊರಗ ಹೊಂಟೈತಿ, ಪಾಪ, ಸಿಗಬಿದ್ದೈತಿ ಅನಕೊಂಡೆ. ಹಿಡದು ಒಂದ ಸಲ ಎಳದೆ ನೋಡು. ಪುಸಕ್ಕಂತ ಬಂತು. ಅಷ್ಟು ದೊಡ್ಡದು ಹೊಟ್ಟಿಯೊಳಗ ಇಟಗೊಂಡು ಆಕಳ ಹೆಂಗ ಬದುಕಿತ್ತೋ ಏನೋ."

ಎದುರಿಗೆ ಅಂಗಳ ಗುಡಿಸುತ್ತಿದ್ದ ತಿಪ್ಪಕ್ಕ ಇದನ್ನು ಕೇಳಿ ಕಸಬರಿಗೆಯನ್ನು ಅಲ್ಲೇ ಬಿಸಾಕಿ ತನ್ನ ಹಿತ್ತಲಿನ ಕಡೆಗೆ ಓಡಿದಳು. ಸುದ್ದಿ ಹಂಚಲು ಹಿತ್ತಲ ಬೇಲಿಯೇ ಹತ್ತಿರದ ದಾರಿ ಎಂದು ಹುಲುಗೇಶ್ ಹಲ್ಲು ಕಚ್ಚಿದ. ಆಕೆಯ ಆಕಳು ಮಲ್ಲಿ ಆ ಕಡೆಯಿಂದ ಒದರಿತು. ಅದು ಬೆಳಗಿನಿಂದಲೇ ಒದರುತ್ತಿತ್ತು.

"ಅಜ್ಜ, ಆ ಪ್ಲಾಸ್ಟಿಕ್ ಈಗ ಎಲ್ಲೈತಿ?"

"ಕಾಲುವಿ ನೀರಾಗ ತೊಳದೆ. ಮಸ್ತ್ ಇತ್ತು, ಒಗಿಯಾಕ ಮನಸಾಗಲಿಲ್ಲ. ಶಂಭುಲಿಂಗಗ ಕೊಟ್ಟೆ."

ಶಂಭುಲಿಂಗ ಹಂಪಿ ರಸ್ತೆಯ ಮೇಲೆ ಹೋಂಸ್ಟೇ ನಡೆಸುತ್ತಾನೆ. ಹಳೆಯದು, ವಿಚಿತ್ರವಾದದ್ದು ಏನು ಸಿಕ್ಕಿದರೂ ಗೋಡೆಗೆ ಹೊಡೆಯುವುದು ಅವನ ಪದ್ಧತಿ. ಗಾಡಿ ಚಕ್ರ, ಬೀಸುವ ಕಲ್ಲು, ಅವರಜ್ಜಿಯ ಎಲೆ ಅಡಿಕೆ ಚೀಲ ಎಲ್ಲ ಅಲ್ಲಿವೆ. ಹುಲುಗೇಶ್ ಏದುಸಿರು ಬಿಡುತ್ತ ಒಳಗೆ ಹೋದಾಗ, ಕೌಂಟರಿನ ಹಿಂದಿನ ಗೋಡೆಯ ಮೇಲೆ, ನಟ್ಟನಡುವೆ, ಚಂದ್ರಿಯ ಸಾಧನ ರಾರಾಜಿಸುತ್ತಿತ್ತು. ಎರಡು ರೆಕ್ಕೆಗೆ ಎರಡು ಕೋಣೆಯ ಕೀಲಿ, ನೀಲಿ ದಾರಕ್ಕೆ ಮೂರನೇ ಕೋಣೆಯ ಕೀಲಿ ತೂಗುತ್ತಿದ್ದವು.

ಕೊಡಲು ಶಂಭುಲಿಂಗ ಸುತರಾಂ ಒಪ್ಪಲಿಲ್ಲ. ಅವನ ವಾದ ಗಟ್ಟಿಯಾಗಿತ್ತು. ನಿನ್ನೆ ಹಾಲೆಂಡ್ ದೇಶದ ಹೆಣ್ಣುಮಗಳೊಬ್ಬಳು ಬಂದವಳು, ಇಷ್ಟೆಲ್ಲ ಪುರಾತನ ಸಾಮಾನು ಬಿಟ್ಟು ಇದೊಂದನ್ನೇ ನೋಡಿ ನಿಂತಳಂತೆ. ಆಮೇಲೆ ನಕ್ಕಳಂತೆ. ಕುರ್ಚಿಯ ಮೇಲೆ ಕೂತು ನಕ್ಕಳು, ನೀರು ಕುಡಿದು ನಕ್ಕಳು, ಅದರ ಪಕ್ಕ ನಿಂತು ಫೋಟೋ ಹೊಡೆಸಿಕೊಂಡು ಊರಲ್ಲಿರುವ ತಮ್ಮಪ್ಪನಿಗೆ ಕಳಿಸಿದಳು. ಅವರಪ್ಪ ನೂರಾರು ಆಕಳು ಸಾಕಿದ ಮನುಷ್ಯನಂತೆ.

"ಇಷ್ಟು ವರ್ಷದಾಗ ನನ್ನ ಗೋಡಿ ನೋಡಿ ಯಾರೂ ಅಷ್ಟು ಖುಷಿ ಪಟ್ಟಿಲ್ಲಪ್ಪ" ಎಂದ ಶಂಭುಲಿಂಗ. "ಹೆಂಗ ಕೊಡ್ಲಿ?"

ಹುಲುಗೇಶ್ ಅದು ಎಲ್ಲಿಂದ ಬಂದದ್ದು ಎಂದು ಮೆಲ್ಲಗೆ ಹೇಳಿದ. ಶಂಭುಲಿಂಗ ಕೀಲಿ ಹಿಡಿದಿದ್ದ ತನ್ನ ಕೈಯನ್ನು ಒಂದು ಗಳಿಗೆ ನೋಡಿಕೊಂಡ, ಲುಂಗಿಗೆ ಒರೆಸಿಕೊಂಡ. ಆದರೆ ವ್ಯಾಪಾರಸ್ಥ, ಬೇಗ ಸಾವರಿಸಿಕೊಂಡ. ಗೋಡೆಯ ಆ ಜಾಗ ಖಾಲಿ ಬಿಡುವ ಹಾಗಿಲ್ಲ, ಬದಲಿಗೆ ಚಂದ್ರಿಯ ಕೊರಳಿನ ಹಿತ್ತಾಳೆ ಗಂಟೆ ತಂದುಕೊಡು ಎಂದ. ಅದು ತವರಿನ ಗಂಟೆ. ಹುಲುಗೇಶ್ ಚೌಕಾಸಿ ಮಾಡಿದ, ಗೋಗರೆದ. ಕೊನೆಗೆ ಮನೆಗೆ ಹೋಗಿ, ಪಂಪಾವತಿ ಹಿಟ್ಟು ಬೀಸಿಸಲು ಹೋದ ಹೊತ್ತು ನೋಡಿ ಗಂಟೆ ಬಿಚ್ಚಿ, ಒಳಗಿನ ನಾಲಗೆ ಬಡಿಯದಂತೆ ಟವೆಲ್ ತುರುಕಿ, ಕಳ್ಳನ ಹಾಗೆ ತಂದುಕೊಟ್ಟ.

ಸಾಧನ ಕೈಗೆ ಬಂದಾಗ ಹನ್ನೆರಡು ಗಂಟೆ. ಈಗ ಎರಡನೇ ಪ್ರಶ್ನೆ. ಡಾಕ್ಟರಿಗೆ ಫೋನ್ ಮಾಡಿ ನಿಜ ಹೇಳಬಹುದಿತ್ತು. ಹುಲುಗೇಶ್ ನಂಬರನ್ನೂ ತೆಗೆದ. ಏಳು ದಿನ ಒಂದು ದಾರ ನೋಡಿಕೊಳ್ಳಲು ಆಗಲಿಲ್ಲವೇ ಎಂದು ಆ ಹುಡುಗಿ ಕೇಳಿದರೆ ಏನು ಹೇಳುವುದು ಎಂದು ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡ. ನಾಲ್ಕು ಗಂಟೆ ಇದ್ದರೂ ನಾಲ್ಕು ಗಂಟೆಯ ಹಾರ್ಮೋನು ಒಳಗೆ ಹೋಗಲಿ, ದಾರ ಜಾಗದಲ್ಲಿ ಕಾಣಲಿ, ಬಸವರಾಜನ ಎದುರು ಮಾನ ಉಳಿಯಲಿ ಎಂದು ನಿರ್ಧರಿಸಿದ.

ಡಾಕ್ಟರು ಅದನ್ನು ಉದ್ದನೆಯ ಕೊಳವೆಯೊಂದರಲ್ಲಿ ಸೇರಿಸಿ ಹಾಕಿದ್ದನ್ನು ಅವನು ಕಣ್ಣಾರೆ ನೋಡಿದ್ದ. ತೋಟದಲ್ಲಿ ಬಿದ್ದಿದ್ದ ಪಿವಿಸಿ ಪೈಪಿನ ತುಂಡೊಂದು ಅಳತೆಗೆ ಸರಿಹೋಯಿತು. ಬೇವಿನೆಲೆ ಕುದಿಸಿದ ನೀರಿನಲ್ಲಿ ಅದ್ದಿದ. ಕೊಬ್ಬರಿ ಎಣ್ಣೆ ಸವರಿದ. ಬಾಲ ಹಿಡಿಯಲು ಸುಂಕಪ್ಪಜ್ಜ ತಾನಾಗಿ ಬಂದ. ತೆಗೆದವನು ತಾನು, ಹಾಕುವಾಗ ಕೈ ಹಚ್ಚದಿದ್ದರೆ ಹೇಗೆ ಎಂಬುದು ಅವನ ನ್ಯಾಯ. ಮುಂದಿನ ಹತ್ತು ನಿಮಿಷದಲ್ಲಿ ಚಂದ್ರಿ ಎರಡು ಸಲ ಒದ್ದಿತು, ಬೇವಿನ ನೀರಿನ ಬಕೆಟ್ಟು ಬಾಳೆಗಿಡದವರೆಗೆ ಹೋಯಿತು, ಸುಂಕಪ್ಪಜ್ಜ ಒಂದು ಸಲ ಬಾಲದ ಬದಲು ಹುಲುಗೇಶನ ಟವೆಲ್ ಹಿಡಿದು ಜಗ್ಗಿದ. ಆದರೂ ಕೆಲಸವಾಯಿತು. ನೀಲಿ ದಾರ ನಾಲ್ಕು ಬೆರಳು ಹೊರಗೆ ಜೋತುಬಿತ್ತು. ಅದನ್ನು ನೋಡಿ ಹುಲುಗೇಶನಿಗೆ, ಮಗ ಪಾಸಾದ ಮಾರ್ಕ್ಸ್‌ಕಾರ್ಡ್ ನೋಡಿದಷ್ಟು ಸಮಾಧಾನವಾಯಿತು.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಬಸವರಾಜನ ಗಾಡಿ ಬಂತು. ಸಣ್ಣ ಗೂಡ್ಸ್ ಗಾಡಿ, ಹಿಂದೆ ತಾಡಪಾಲು ಇಳಿಬಿಟ್ಟಿತ್ತು. ಬೇವಿನ ಮರದ ನೆರಳಿಗೆ ನಿಲ್ಲಿಸಿ ಇಳಿದವನೇ ಕೊಟ್ಟಿಗೆಗೆ ಹೋಗಿ ಚಂದ್ರಿಯ ಮೈ ಸವರಿದ.

"ಗಂಟಿ ಎಲ್ಲಿ?"

"ತಿಕ್ಕಾಕ ಕೊಟ್ಟೀನಿ ಬಾವ, ಹೊಳಪು ಹೋಗಿತ್ತು" ಎಂದ ಹುಲುಗೇಶ್. ಪಂಪಾವತಿ ಗಂಡನನ್ನು ಒಂದು ನೋಟ ನೋಡಿದಳು.

ಅಷ್ಟರಲ್ಲಿ ಡಾಕ್ಟರ್ ಸುನಿತಾಳ ಸ್ಕೂಟರು ಬಂತು. ಕಾಲಬಳಿ ಬೀಜದ ಕಡ್ಡಿಗಳ ಕ್ಯಾನು, ಹೆಗಲಿಗೆ ಚೀಲ. ಓಣಿ ಮತ್ತೆ ನೆರೆಯಿತು. ತಿಪ್ಪಕ್ಕ ಮಾತ್ರ ಇವತ್ತು ಮುಂದೆ ಬರಲಿಲ್ಲ. ತನ್ನ ಗೇಟಿಗೆ ಆತು ನಿಂತು ಸೆರಗಿನ ತುದಿ ತಿರುವುತ್ತಿದ್ದಳು. ಹಿತ್ತಲಲ್ಲಿ ಮಲ್ಲಿ ಒದರಿದಾಗಲೆಲ್ಲ, ಅದಕ್ಕೆ ಬಾಯಾರಿಕೆಯಾಗಿದೆ ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದಳು.

ಸುನಿತಾ ಉದ್ದನೆಯ ಕೈಗವಸು ಹಾಕಿಕೊಂಡು ದಾರ ಹಿಡಿದು ಮೆಲ್ಲಗೆ ಎಳೆದಳು. ಸಾಧನ ಹೊರಗೆ ಬಂತು. ಹುಲುಗೇಶ್ ಬಸವರಾಜನ ಮುಖ ನೋಡಿ ಮೀಸೆ ಸವರಿಕೊಂಡ. ಬಸವರಾಜ್ ತಲೆಯಾಡಿಸಿದ. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಡಾಕ್ಟರು ಆ ಸಾಧನವನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದಳು.

"ಕೊಬ್ಬರಿ ಎಣ್ಣಿ ವಾಸನಿ ಬರ್ತೈತಲ್ಲ" ಎಂದು, ಅನುಮಾನದಿಂದ ಮತ್ತೆ ಕೈ ಹಾಕಿದಳು. ಹಾಕಿದ ಕೈ ಅಲ್ಲೇ ನಿಂತಿತು. ಹುಬ್ಬು ಮೇಲೇರಿತು. ಮೆಲ್ಲಗೆ ಕೈ ಹೊರಗೆ ತೆಗೆದಾಗ ಅದರಲ್ಲಿ ಇನ್ನೊಂದು ಸಾಧನವಿತ್ತು. ಅದರ ನೀಲಿ ದಾರ ಸುರುಳಿ ಸುತ್ತಿಕೊಂಡಿತ್ತು.

"ಹುಲುಗೇಶಪ್ಪಾರ, ಇದರೊಳಗ ಒಟ್ಟು ಎಷ್ಟು ಹಾಕೀರಿ?"

ಹುಲುಗೇಶ್ ಎರಡೂ ಸಾಧನಗಳನ್ನು ಬೆರಳು ಮಾಡಿ ಎಣಿಸಿದ. ಡಾಕ್ಟರೇ ವಿವರಿಸಿದಳು. ಒಮ್ಮೊಮ್ಮೆ ದಾರ ಮಡಚಿಕೊಂಡು ಒಳಗೆ ಸೇರಿಬಿಡುತ್ತದೆ, ಹೊರಗೆ ಕಾಣುವುದಿಲ್ಲ, ಅಷ್ಟಕ್ಕೆ ಗಾಬರಿಯಾಗಬೇಕಿಲ್ಲ. ಚಂದ್ರಿಯ ಸಾಧನ ಏಳು ದಿನವೂ ಜಾಗ ಬಿಟ್ಟು ಕದಲಿರಲಿಲ್ಲ. ಹಾಗಾದರೆ ಈ ಎರಡನೆಯದು ಎಲ್ಲಿಯದು?

ಹುಲುಗೇಶ್ ನಿಜ ಹೇಳಲೇಬೇಕಾಯಿತು. ಕಾಲುವೆ, ಸುಂಕಪ್ಪಜ್ಜ, ಹೋಂಸ್ಟೇ ಗೋಡೆ, ಪಿವಿಸಿ ಪೈಪು, ಎಲ್ಲ ಹೊರಬಿತ್ತು. ಗಂಟೆಯ ವಿಷಯ ಮಾತ್ರ ನುಂಗಿಕೊಂಡ. ಆಗ ಪಂಪಾವತಿ ಬಾಯಿಬಿಟ್ಟಳು.

"ಮಂಗಳವಾರ ಚಂದ್ರಿ ಕೊಟ್ಟಿಗಿ ಬಿಟ್ಟು ಹೊರಗ ಹೋಗೇ ಇಲ್ಲ. ನಾನ ಕಟ್ಟಿ ಹಾಕಿದ್ದೆ."

"ಮತ್ತ ಹೇಳಬಾರದೇನ ನೀನು?"

"ನನ್ನ ಯಾರು ಕೇಳಿದ್ರು?"

ಡಾಕ್ಟರು ತಿಪ್ಪಕ್ಕನ ಗೇಟಿನ ಕಡೆಗೆ ತಿರುಗಿದಳು. "ಈ ಊರಾಗ ನಾನು ಹಾಕಿದ್ದು ಎರಡ. ಯಾರಿಗೂ ಹೇಳಬ್ಯಾಡ್ರಿ ಅಂದಿದ್ರು, ಹೇಳಿರಲಿಲ್ಲ" ಎಂದಳು. ಮಾತು ಮುಗಿಯುತ್ತಿದ್ದಂತೆ ಹಿತ್ತಲಿನ ಮಲ್ಲಿ, ಓಣಿಗೆಲ್ಲ ತಾನೇ ಉತ್ತರ ಕೊಡುವ ಹಾಗೆ, ಬಾಯಿ ತುಂಬ ಒದರಿತು.

ಮಲ್ಲಿಯದೂ ಚಂದ್ರಿಯ ಹಾಗೇ ಕಪ್ಪು ಮೈ, ಹಣೆಯ ಮೇಲೆ ಬಿಳಿ ಚಂದ್ರ. ಸುತ್ತಲ ಹತ್ತೂರಿನ ಆಕಳುಗಳಿಗೆ, ಯಾರೂ ಮುಖ ನೋಡದ ಒಂದೇ ಹೋರಿ ಕಡ್ಡಿಯ ಮೂಲಕ ಅಪ್ಪನಾದರೆ ಹೀಗೇ ಆಗುತ್ತದೆ. ಸುಂಕಪ್ಪಜ್ಜನ ಹಾಲುಗಾಜಿನ ಕನ್ನಡಕಕ್ಕೆ ಅಕ್ಕತಂಗಿಯರಲ್ಲಿ ವ್ಯತ್ಯಾಸ ಎಲ್ಲಿ ಕಾಣಬೇಕು? ಅಜ್ಜ ಎಳೆದದ್ದು ತಿಪ್ಪಕ್ಕ ಗುಟ್ಟಾಗಿ ಹಾಕಿಸಿಕೊಂಡಿದ್ದ ದಾರವನ್ನು. ಬೆಳಿಗ್ಗೆ ಆಕೆ ಕಸಬರಿಗೆ ಬಿಸಾಕಿ ಓಡಿದ್ದು ಬೇಲಿಗಲ್ಲ, ಮಲ್ಲಿಯ ಬಾಲಕ್ಕೆ.

ತಿಪ್ಪಕ್ಕ ಬೈಯಲು ಸೆರಗು ಸಿಕ್ಕಿಸಿದಳು. ಆದರೆ ಡಾಕ್ಟರು ಹಿತ್ತಲಿಗೆ ಹೋಗಿ ಮಲ್ಲಿಯನ್ನು ನೋಡಿ ನಗುತ್ತ ಬಂದಳು. ಐದು ದಿನ ಒಳಗಿದ್ದದ್ದೇ ಸಾಕಾಗಿತ್ತು. ಮಂಗಳವಾರ ಎಳೆದದ್ದಕ್ಕೆ ಗುರುವಾರ ಸರಿಯಾಗಿ ಬೆದೆ. ಇಷ್ಟು ಚೆನ್ನಾಗಿ ಬೆದೆಗೆ ಬಂದದ್ದನ್ನು ತಾನೇ ಅಪರೂಪಕ್ಕೆ ನೋಡಿರುವುದು ಎಂದಳು. ತಿಪ್ಪಕ್ಕ ಸಿಕ್ಕಿಸಿದ ಸೆರಗು ಬಿಚ್ಚಿ ಸುಂಕಪ್ಪಜ್ಜನಿಗೆ ಚಹಾ ತರಲು ಒಳಗೆ ಹೋದಳು.

"ನಮ್ಮ ಚಂದ್ರಿದು?" ಎಂದ ಹುಲುಗೇಶ್.

ಕೀಲಿ ತೂಗಿದ ವಸ್ತುವನ್ನು ಪೈಪಿನಲ್ಲಿ ತುರುಕಿದ ಮೇಲೆ ಒಳಗೆ ನಂಜಾಗುತ್ತದೆ, ಈ ಸಲದ ಬೆದೆ ಬಿಡಲೇಬೇಕು, ತೊಳೆದು ಔಷಧಿ ಕೊಟ್ಟು ಮುಂದಿನ ತಿಂಗಳು ಹೊಸದಾಗಿ ಹಾಕೋಣ ಎಂದಳು ಡಾಕ್ಟರು. ಕೈ ಕಟ್ಟಿ ಕೂತಿದ್ದರೆ ಸಾಕಿತ್ತು, ಎಲ್ಲ ಸರಿಯಾಗೇ ಇತ್ತು ಎಂದೂ ಸೇರಿಸಿದಳು. ಚಂದ್ರಿಗೆಂದು ಎತ್ತಿಟ್ಟ ಹೆಣ್ಣು ಕರುವಿನ ಕಡ್ಡಿ ಸುಮ್ಮನೆ ಕಾಯುವುದು ಬೇಡವೆಂದು ಮಲ್ಲಿಗೆ ಹೋಯಿತು. ಬಾಲ ಹಿಡಿಯಲು ಕರೆದದ್ದು ಹುಲುಗೇಶನನ್ನೇ. ಆಮೇಲೆ ಬೆನ್ನಿಗೆ ತಣ್ಣೀರು ಸುರಿದು, ಆಕಳು ಮಲಗದ ಹಾಗೆ ಒಂದು ತಾಸು ಓಣಿಯಲ್ಲಿ ನಡೆಸಬೇಕೆಂದು ತಿಪ್ಪಕ್ಕ ಹಟ ಹಿಡಿದಳು. ಅದೂ ಹುಲುಗೇಶನ ಪಾಲಿಗೇ ಬಂತು.

ಕತ್ತಲಾಗುವ ಮುಂಚೆ ಹಗ್ಗ ಕೊಟ್ಟು ವಾಪಸ್ ಬಂದಾಗ, ಬಸವರಾಜ್ ಗಾಡಿಯ ತಾಡಪಾಲು ಬಿಚ್ಚುತ್ತಿದ್ದ. ಹುಲುಗೇಶ್ ಚಂದ್ರಿಯ ಮುಂದೆ ಹೋಗಿ ನಿಂತ.

"ಒಂದ ತಿಂಗಳು ಬಾವ. ಮುಂದಿನ ಸಲ ತಪ್ಪಂಗಿಲ್ಲ. ಇದನ್ನ ಒಯ್ಯಬ್ಯಾಡ್ರಿ."

"ಯಾರು ಒಯ್ಯಾಕ ಬಂದಾರ?" ಎಂದ ಬಸವರಾಜ್. "ನೀವು ದಿನಾ ಎರಡು ಹೊತ್ತು ಬಾಲ ಎತ್ತಿ ನೋಡ್ತೀರಂತ ಪಂಪಿ ಫೋನಿನಾಗ ಹೇಳಿದ್ಲು. ಅಷ್ಟು ಜ್ವಾಕಿ ನಮ್ಮೂರಾಗ ಯಾರಿಗೈತಿ? ಆ ಎದುರುಮನೆ ಆಕಳ ನೋಡಿದ ಮ್ಯಾಲಂತೂ ಈ ರಬ್ಬರ್ ಮ್ಯಾಲ ನನಗ ಪೂರಾ ನಂಬಿಕಿ ಬಂತು."

ತಾಡಪಾಲು ಸರಿಯಿತು. ಗಾಡಿಯ ಒಳಗೆ ಎರಡು ಆಕಳು ನಿಂತಿದ್ದವು. ಎರಡೂ ಕಪ್ಪು, ಎರಡರ ಹಣೆಯ ಮೇಲೂ ಬಿಳಿ ಚಂದ್ರ.

"ಇವೂ ಎರಡು ವರ್ಷದಿಂದ ಗಬ್ಬ ಕಟ್ಟಿಲ್ಲ. ಇಲ್ಲೇ ಇರಲಿ. ಹಾಲಿಲ್ಲ ಅಂತ ಮೇವು ಕಡಿಮಿ ಮಾಡಬ್ಯಾಡ್ರಿ" ಎಂದು ಹಗ್ಗಗಳನ್ನು ಹುಲುಗೇಶನ ಕೈಗಿಟ್ಟ ಬಸವರಾಜ್. ಗಾಡಿ ಹತ್ತಿದ ಮೇಲೆ ಕಿಟಕಿಯಿಂದ ತಲೆ ಹಾಕಿ, "ಇವಕ್ಕ ಒಂದೊಂದ ಸಾಕು, ಎರಡೆರಡು ಹಾಕಬ್ಯಾಡ್ರಿ. ಮತ್ತ ಆ ಗಂಟಿ ಹೋಂಸ್ಟೇ ಗ್ವಾಡಿ ಮ್ಯಾಲ ಚಂದ ಕಾಣತೈತಿ, ಬರೋವಾಗ ನೋಡ್ದೆ" ಎಂದು ಹೊರಟುಹೋದ.

ಹುಲುಗೇಶ್ ಎರಡೂ ಕೈಯಲ್ಲಿ ಹಗ್ಗ ಹಿಡಿದು ನಿಂತ. ಕೊಟ್ಟಿಗೆಯಿಂದ ಚಂದ್ರಿ, ಹೊಸ ನೆಂಟರನ್ನು ನೋಡಿ, ಒಂದೂವರೆ ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟು ಅಂಬಾ ಎಂದಿತು. ಕಟ್ಟೆಯ ಮೇಲೆ ತಿಪ್ಪಕ್ಕನ ಎರಡನೇ ಲೋಟ ಚಹಾ ಹೀರುತ್ತಿದ್ದ ಸುಂಕಪ್ಪಜ್ಜ ಕನ್ನಡಕದ ದಾರ ಸರಿಮಾಡಿಕೊಂಡು ಕೂಗಿ ಹೇಳಿದ:

"ಎಳಿಯೋದೇನರ ಇದ್ರ ಹೇಳಲೇ ಹುಲುಗ್ಯಾ, ನಾ ಇಲ್ಲೇ ಇರ್ತೀನಿ."